ತೋಳನ ಹೆಸರಿನ ಮೊಮ್ಮಗ

ಮೊಮ್ಮಗನಿಗೆ ನನ್ನ ಮಾವನವರ ಹೆಸರಿಡುವುದೆಂದು ಅವನು ಹೊಟ್ಟೆಯಲ್ಲಿದ್ದಾಗಲೇ ನಿಶ್ಚಯವಾಗಿತ್ತು. ಸೊಸೆ ರೊಮೇನಿಯಾದವಳು; ಆದರೂ ಒಂದು ಮಾತು ಎದುರಾಡದೆ ಒಪ್ಪಿದ್ದಳು. ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಸರಿ ಕಂಡಿರಲಿಲ್ಲ.

ಮಗು ಹುಟ್ಟಿತು, ಅದೇ ಹೆಸರು ದಾಖಲಾಯಿತು. ಆದರೆ ಅದರ ಎದೆ ಗಟ್ಟಿಯಿರಲಿಲ್ಲ. ಉಸಿರು ಸಿಕ್ಕಿಕೊಂಡಾಗಲೆಲ್ಲ ಆಸ್ಪತ್ರೆಗೆ ಓಡಬೇಕು. ಇದಕ್ಕೆ ಮುಂಚೆ ಹುಟ್ಟಿದ ಮಗು ಒಂದು ವಾರವೂ ಉಳಿದಿರಲಿಲ್ಲ. ಹಾರ್ಬೋರ್ನ್‌ನ ನನ್ನ ಮನೆಯಲ್ಲಿ ಕೂತು ಫೋನ್ ಕಾಯುವುದು ನನ್ನಿಂದಾಗದೆ, ಬಟ್ಟೆ ತುಂಬಿಕೊಂಡು ಡಿಡ್ಸ್‌ಬರಿಯ ಮಗನ ಮನೆಗೆ ಹೊರಟೆ.

ಅಲ್ಲಿ ನೋಡಿದರೆ ಮಾವನವರ ಹೆಸರು ಯಾರ ಬಾಯಲ್ಲೂ ಇಲ್ಲ. ಸೊಸೆಯೂ ಬಾಣಂತನಕ್ಕೆಂದು ಬಂದಿದ್ದ ಅವಳ ತಾಯಿಯೂ ಮಗುವನ್ನು 'ಲುಪು' ಎಂದು ಕರೆಯುತ್ತಿದ್ದರು. ನನಗೂ ಬೀಗಿತಿಗೂ ನಗುವಿನ ಹೊರತು ಬೇರೆ ಭಾಷೆಯಿರಲಿಲ್ಲ, ಆ ನಗುವನ್ನೂ ನಾನು ಪೂರ್ತಿ ನಂಬಿರಲಿಲ್ಲ.

"ಲುಪು ಅಂದ್ರೆ ಎಂತ?" ಎಂದು ಮಗನನ್ನು ಕೇಳಿದೆ.

"ಸುಮ್ನೆ ಪೆಟ್ ನೇಮ್ ಅಮ್ಮ, ಬಿಡು."

ಹೇಳುವಾಗ ಕಣ್ಣು ಎಲ್ಲೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಅವನ ಮುಖ. ನಾನೇ ಫೋನಿನಲ್ಲಿ ಹುಡುಕಿದೆ. ಲುಪು ಎಂದರೆ ತೋಳ. ಲ್ಯಾಟಿನ್ನಿನಿಂದ ಬಂದ ಹಳೆಯ ಹೆಸರಂತೆ.

"ಮುದ್ದು ಮಾಡ್ಲಿಕ್ಕೆ ನಿಮಗೆ ತೋಳವೇ ಸಿಕ್ಕಿದ್ದಾ?" ಎಂದು ರೇಗಿದೆ. ಅವನು ಡ್ಯೂಟಿಗೆ ಹೊತ್ತಾಯಿತೆಂದು ಎದ್ದುಹೋದ. ನಮ್ಮ ಹೆಸರನ್ನು ಬಾಯಲ್ಲಿ ಒಪ್ಪಿ ಬೆನ್ನ ಹಿಂದೆ ಅಳಿಸಿದರು ಎಂದು ನನಗೆ ಖಾತ್ರಿಯಾಯಿತು. ನಾನು ಅಡುಗೆಮನೆಗೆ ಕಾಲಿಟ್ಟರೆ ತಾಯಿ ಮಗಳ ಪಿಸುಮಾತು ನಿಲ್ಲುತ್ತಿತ್ತು. ಪಕ್ಕದ ಮನೆಯಾಕೆ, ನಾಲ್ಕು ಗಟ್ಟಿಮುಟ್ಟಾದ ಮಕ್ಕಳ ತಾಯಿ, ದಿನಾ ಬಂದು ಹೋಗುತ್ತಿದ್ದಳು. ಏನೋ ಮಸಲತ್ತು ನಡೆದಿತ್ತು.

ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬರುವಾಗ ಕಂಡೆ. ಬೀಗಿತಿ ಹಾಲ್‌ನ ಕಿಟಕಿ ತೆರೆದು, ಶಾಲಿನಲ್ಲಿ ಸುತ್ತಿದ ಮಗುವನ್ನು ಹೊರಗೆ ನೀಡುತ್ತಿದ್ದಾಳೆ. ಹೊರಗೆ ಆ ಪಕ್ಕದ ಮನೆಯಾಕೆ. ಮಗುವನ್ನು ತೆಗೆದುಕೊಂಡು ಬೀಗಿತಿಯ ಅಂಗೈಯಲ್ಲಿ ಒಂದು ನಾಣ್ಯ ಇಟ್ಟಳು.

"ಎಂತ ಮಾಡ್ತಿದ್ದೀರಿ?" ನಾನು ಕಿರುಚಿಕೊಂಡದ್ದು ಕನ್ನಡದಲ್ಲೇ.

ಗೋಡೆಗೊರಗಿ ನಿಂತಿದ್ದ ಸೊಸೆ ಅಳುತ್ತಿದ್ದಳು. ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದಳು: "ಮಾರಿದೆವು, ಅಮ್ಮ. ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಅಜ್ಜಿಯರು ಹೀಗೇ ಮಾಡುತ್ತಿದ್ದರು. ಸಾವು ಹೆಸರು ಹಿಡಿದು ಹುಡುಕಿಕೊಂಡು ಬರುತ್ತದೆ. ತೋಳ ಎಂದರೆ ಅದಕ್ಕೂ ಹೆದರಿಕೆ. ಬರೀ ಹೆಸರು ಬದಲಾಯಿಸಿದರೆ ಸಾಲದು, ಮಕ್ಕಳೆಲ್ಲ ಉಳಿದ ತಾಯಿಗೆ ಮಾರಿಬಿಡು ಎಂದಳು ನನ್ನ ತಾಯಿ. ಇನ್ನು ಅವನು ನನ್ನ ಮಗನಲ್ಲ. ಆಕೆಯ ಮಗನನ್ನು ನಾನು ಸಾಕುವವಳು ಮಾತ್ರ."

ಅವಳನ್ನು ಸೋಫಾದ ಮೇಲೆ ಕೂರಿಸಿ ನಾನೂ ಪಕ್ಕದಲ್ಲಿ ಕೂತೆ. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು ನನ್ನನ್ನು ಮೊರದಲ್ಲಿ ಮಲಗಿಸಿ, ಆಚೆಮನೆಯಾಕೆಗೆ ತೌಡಿಗೆ ಮಾರಿದ್ದರು. ಕರೆಯುವುದಕ್ಕೆ ತಿಪ್ಪೆಯ ಹೆಸರು. ಮದುವೆಯಾಗಿ ಬಂದ ಮೇಲೆ ಆ ಹೆಸರನ್ನು ಈ ದೇಶದಲ್ಲಿ ಯಾರಿಗೂ ಹೇಳಿದವಳಲ್ಲ ನಾನು. ಅವತ್ತು ಸೊಸೆಗೆ ಹೇಳಿದೆ. ಅವಳು ತನ್ನ ತಾಯಿಗೆ ಹೇಳಿದಳು. ಬೀಗಿತಿ ಬಂದು ನನ್ನ ಕೆನ್ನೆ ಸವರಿದರು.

ಸಂಜೆ ಮಗ ಬಂದಾಗ, "ಡಾಕ್ಟರ್ ಆಗಿ ನೀನೂ ಒಪ್ಪಿದ್ಯಾ?" ಎಂದೆ.

"ನನ್ನನ್ನ ಯಾರು ಕೇಳಿದ್ರು ಅಮ್ಮ?" ಎಂದ.

ಅದೇ ವಾರ ಮಗುವಿನ ಉಸಿರು ಮತ್ತೆ ಕಟ್ಟಿತು. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಲ್ಲಿ ನಿಂತು ನನ್ನ ಮಾವನವರ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಸೊಸೆಯ ಮುಖ ಬಿಳಿಚಿತು. ಆ ಉದ್ದನೆಯ ಕಾರಿಡಾರಿನಲ್ಲಿ ಹೋಗಿ ಬರುವವರನ್ನೆಲ್ಲ ನಾನು ಒಬ್ಬೊಬ್ಬರನ್ನಾಗಿ ದಿಟ್ಟಿಸಿ ನೋಡಿದೆ. ಆಮೇಲೆ ಎದ್ದು ನಿಂತೆ.

"ಅವನು ಇಲ್ಲಿಲ್ಲ. ಇದು ಲುಪು, ಪಕ್ಕದ ಮನೆಯ ಮಗು," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಮಗ ಹೋಗಿ ನರ್ಸ್ ಕಿವಿಯಲ್ಲಿ ನಿಜ ಹೇಳಿ ಬಂದ.

ಲುಪು ಈಗ ನರ್ಸರಿಗೆ ಹೋಗುತ್ತಾನೆ. ಬ್ಯಾಗಿನ ಮೇಲೆ ನನ್ನ ಮಾವನವರ ಹೆಸರಿದೆ. ಕರೆದುಕೊಂಡು ಬರುವಾಗ ನಾನು ಆ ಬ್ಯಾಗನ್ನು ಹೆಸರು ಒಳಗಾಗುವ ಹಾಗೆ ಎದೆಗೆ ಒತ್ತಿ ಹಿಡಿದುಕೊಳ್ಳುತ್ತೇನೆ.