ನೆಲ ಮುಟ್ಟದ ಚೆಂಡು

ಚಿಯೊ ಹಮಾಗುಚಿ ಜಪಾನಿನಲ್ಲಿ ಹನ್ನೊಂದು ವರ್ಷ ವಾಲಿಬಾಲ್ ಆಡಿದಳು. ಒಂದೇ ಒಂದು ಅಂಕ ಗಳಿಸಲಿಲ್ಲ. ನಗಬೇಡಿ, ಅವಳು ಲಿಬೆರೊ. ತಂಡಕ್ಕೆಲ್ಲ ಒಂದು ಬಣ್ಣದ ಅಂಗಿಯಾದರೆ ಅವಳಿಗೊಬ್ಬಳಿಗೆ ಬೇರೆ ಬಣ್ಣ. ಸರ್ವ್ ಮಾಡುವಂತಿಲ್ಲ, ನೆಟ್ಟಿನ ಮೇಲಿಂದ ಹೊಡೆಯುವಂತಿಲ್ಲ. ಎದುರಿನವರು ಸಿಡಿಲಿನಂತೆ ಬಡಿದದ್ದನ್ನು ನೆಲಕ್ಕೆ ಬೀಳದಂತೆ ಎತ್ತಿಕೊಡಬೇಕು, ಅಷ್ಟೇ. ಐದಡಿಯ ಈ ಮಹಾರಥಿ ಬೆಳಗ್ಗೆ ಒಂದು ಕಂಪನಿಯಲ್ಲಿ ಕಾಲುಚೀಲಗಳನ್ನು ಜೋಡಿಮಾಡಿ ಪೊಟ್ಟಣಕ್ಕೆ ತುಂಬುತ್ತಿದ್ದಳು. ಮಧ್ಯಾಹ್ನ ಅದೇ ಕಂಪನಿಯ ತಂಡಕ್ಕಾಗಿ ಮೊಣಕಾಲು ಸವೆಸುತ್ತಿದ್ದಳು. ಕಂಪನಿ ತಂಡವನ್ನು ಮುಚ್ಚಿದ ವರ್ಷ, ಕಟ್ಟಕಡೆಯ ಪಂದ್ಯದ ಕೊನೆಯ ಚೆಂಡು ಅವಳ ಬೆರಳಿನಿಂದ ಗೇಣು ದೂರದಲ್ಲಿ ಬಿತ್ತು. ಆ ಸದ್ದನ್ನು ಅವಳು ಅಮೆರಿಕದ ಕೆನ್ಮೋರಿನವರೆಗೂ ಹೊತ್ತು ತಂದಳು.

ಈಗ ಅವಳಿಗೆ ನಲವತ್ತೊಂಬತ್ತು. ಹತ್ತಿರದ ಬೆಲ್ವ್ಯೂ ಊರಿನಲ್ಲಿ ಪ್ರತಿ ಮಂಗಳವಾರ ಐವರು ಕನ್ನಡತಿಯರ ಜೊತೆ ಆಡುತ್ತಾಳೆ. ಸೇನಾಧಿಪತಿ ಮೈಸೂರಿನ ಸ್ವಪ್ನಾ. ಐವರೂ ಶಾಲೆಯಲ್ಲಿ ಆಡಿ ಬೆಳೆದದ್ದು ಥ್ರೋಬಾಲ್. ಅಲ್ಲಿ ಚೆಂಡನ್ನು ಹಿಡಿದು ಎಸೆಯಬೇಕು. ಇಲ್ಲಿ ಹಿಡಿದರೆ ಅಂಕ ಹೋಯಿತು. ಆ ಹತ್ತು ಕೈಗಳಿಂದ ಥ್ರೋಬಾಲನ್ನು ಬಿಡಿಸಲು ಚಿಯೊ ಎರಡು ಚಳಿಗಾಲ ಹೆಣಗಿದ್ದಳು. ಬದಲಿಗೆ ಅಂಕಣದಲ್ಲಿ ಕೂಗುವಷ್ಟು ಕನ್ನಡ ಕಲಿತಿದ್ದಳು.

ಮುಂದಿನ ವಾರ ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಆಮೇಲೆ ಆಟವಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಸೋತರೂ ಚಿಂತೆಯಿಲ್ಲ, ಈ ಸಲ ಕೊನೆಯ ಚೆಂಡು ನನ್ನ ಮುಂದೆ ಬೀಳಬಾರದು ಎಂದು ಅವಳು ಈ ಕೊನೆಯ ಪಂದ್ಯಕ್ಕೆ ಬರುವ ದಾರಿಯಲ್ಲಿ ಸ್ವಪ್ನಾಗೆ ಹೇಳಿದ್ದಳು.

ಎದುರು ತಂಡಕ್ಕೆ ಇನ್ನೊಂದೇ ಅಂಕ ಬೇಕಿತ್ತು. ಅವರ ಎತ್ತರದ ಹುಡುಗಿ ಹಾರಿ ಬಡಿದಳು. "ನಂದು" ಎನ್ನುತ್ತ ಚಿಯೊ ಉದ್ದಕ್ಕೂ ಜಾರಿದಳು. ಅಂಗೈ ನೆಲದಲ್ಲಿತ್ತು, ಕೈಯ ಹಿಂಬದಿಗೆ ತಾಗಿದ ಚೆಂಡು ಎದ್ದು ಸೀದಾ ಸ್ವಪ್ನಾಳ ನೆತ್ತಿಯ ಮೇಲಕ್ಕೆ ಬಂತು. ಬೆರಳಿನಿಂದ ಮೇಲೆತ್ತಿದ್ದರೆ ಸಾಕಿತ್ತು. ಆದರೆ ಸ್ವಪ್ನಾಳ ಕಣ್ಣು ಬಿದ್ದಿದ್ದ ಚಿಯೊ ಮೇಲಿತ್ತು. ಒಡತಿಯ ಅಂಕೆ ತಪ್ಪಿದ ಕೈಗಳು ನೇರ ಮೈಸೂರಿನ ಶಾಲೆಯ ಮೈದಾನಕ್ಕೆ ಹೋಗಿ, ಚೆಂಡನ್ನು ಎದೆಗವಚಿ ಹಿಡಿದವು.

ಸೀಟಿ ಮೊಳಗಿತು. ಪಂದ್ಯ ಮುಗಿಯಿತು.

"ಚಿಯೊ ಅಕ್ಕಾ, ಹಿಡ್ಕೊಂಬಿಟ್ಟೆ," ಎಂದಳು ಸ್ವಪ್ನಾ. "ಎಲ್ಲಾ ಬಿಟ್ಟು ಇವತ್ತೇ ಹಿಡ್ಕೋಬೇಕಿತ್ತಾ ನಾನು?"

ಚಿಯೊ ಏಳಲಿಲ್ಲ. ಸ್ವಪ್ನಾಳ ತೋಳುಗಳ ನಡುವಿನ ಚೆಂಡನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಆ ಸದ್ದಿಗಾಗಿ ಕಾದಳು. ಅದು ಬರಲಿಲ್ಲ.

"ಬೀಳ್ಲಿಲ್ಲ," ಎಂದಳು.

ಮುಂದಿನ ತಂಡದವರು ಬಾಗಿಲಲ್ಲಿ ಕಾಯುತ್ತಿದ್ದರು. ಐವರೂ ಚೆಂಡನ್ನು ಕೈಯಿಂದ ಕೈಗೆ ದಾಟಿಸಿ ಚೀಲದೊಳಗಿಟ್ಟರು. ಆಮೇಲೆ ಚಿಯೊ ಸ್ವಪ್ನಾಳ ಭುಜ ಹಿಡಿದು ಎದ್ದು, ಕಂಪನಿಯ ತಂಡದಲ್ಲಿ ಕಲಿತ ಹಾಗೆ ಖಾಲಿ ಅಂಕಣಕ್ಕೆ ತಲೆಬಾಗಿದಳು.