ಉಡಿ ತುಂಬಿದ ದಿನ ಹೊಳೆದ ಗ್ಯಾಲಕ್ಸಿ

ಮೊಮ್ಮಗನ ಹೆಂಡತಿಗೆ ಹಸಿರು ಸೀರೆ ಉಡಿಸಿ ಕುರ್ಚಿಯ ಮೇಲೆ ಕೂಡ್ರಿಸಿದ್ದೆವು. ಏಳು ತಿಂಗಳ ಬಸುರಿ, ಅವಳ ಕುಬಸ, ಅಂದರೆ ಸೀಮಂತ. ತವರಿನವರು ಯಲಬುರ್ಗಾದಿಂದ ಟಂಟಂ ತುಂಬ ಬುತ್ತಿ ಹೇರಿಕೊಂಡು ಕುಷ್ಟಗಿಯ ನಮ್ಮ ಮನೆಗೆ ಬಂದಿದ್ದರು. ಉಡಿಗೆ, ಅಂದರೆ ಮಡಿಲ ಸೆರಗಿಗೆ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಿ ಆಗಿತ್ತು, ಆರತಿ ಆಗಿರಲಿಲ್ಲ. ಆರತಿಯಾಗಿ, ದೇವರ ಮುಂದೆ ಉಡಿ ಬಿಚ್ಚುವವರೆಗೆ ಬಸುರಿ ಬೇರೆ ಕೆಲಸಕ್ಕೆ ಏಳುವಂತಿಲ್ಲ.

ಆಗ ಅವಳ ಫೋನು ಸದ್ದು ಮಾಡಿತು. ನೋಡಿದವಳೇ ಏಳಲು ಹೋದಳು.

“ಕೂಡ್ರ ಬೇ, ಉಡಿ ಚೆಲ್ಲತೈತಿ,” ಎಂದೆ.

“ಆಯಿ, ನನ್ನ ಗ್ಯಾಲಕ್ಸಿ ಹೊಳ್ಯಾಕ ಹತ್ತೈತಿ. ಈಗಿಂದೀಗ ಅರ್ಜಿ ಕಳಸಬೇಕು.”

ಬಾಜೂ ಮನೆಯವಳು ನಕ್ಕಳು. “ಗಂಡ ಕರದ್ರ ಏಳಂಗಿಲ್ಲ, ಚಿಕ್ಕಿ ಕರದ್ರ ಏಳ್ತಾಳ ನೋಡ್ರಿ!”

ಅವಳ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಗ್ಯಾಲಕ್ಸಿ ಅಂದರೆ ಎಣಿಸಲಾಗದಷ್ಟು ಚಿಕ್ಕಿಗಳ, ನಕ್ಷತ್ರಗಳ ಗುಂಪು. ಅವಳು ನೋಡುವ ಗ್ಯಾಲಕ್ಸಿಯ ಹೊಟ್ಟೆಯಲ್ಲಿ ಒಂದು ಕಪ್ಪು ಕುಳಿ ಇದೆ. ಸಿಕ್ಕದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಒಂದಿಷ್ಟನ್ನು ಎರಡೂ ಕಡೆ ಉಗುಳುತ್ತದೆ. ಉಗುಳಿದ್ದನ್ನು ನೆಲದ ಮೇಲಿನ ರೇಡಿಯೊ ದುರ್ಬೀನು ಹಿಡಿಯುತ್ತದೆ. ಕುಳಿಯ ಬಾಯಲ್ಲಿನ ಕಾವು ಎಕ್ಸ್‌ರೇಯಾಗಿ ಬರುತ್ತದೆ, ಅದನ್ನು ಹಿಡಿಯುವ ದುರ್ಬೀನು ಆಕಾಶದಲ್ಲಿ ಸುತ್ತುತ್ತಿದೆ. ಈ ಗ್ಯಾಲಕ್ಸಿ ಬಹಳ ದಿನ ಸುಮ್ಮನಿತ್ತು. ಹೊಳೆದರೆ ಫೋನಿಗೆ ಸುದ್ದಿ ಬರುತ್ತದೆ, ತಕ್ಷಣ ಆ ಎಕ್ಸ್‌ರೇ ದುರ್ಬೀನನ್ನು ಅದರತ್ತ ತಿರುಗಿಸಿರೆಂದು ಅದನ್ನು ನಡೆಸುವವರನ್ನು ಬೇಡಿಕೊಳ್ಳಬೇಕು. ಹೊಳಪು ಇಳಿದರೆ ಮುಗಿಯಿತು. ಮದುವೆಗೆ ಮೊದಲಿನಿಂದ ಅವಳು ಇದಕ್ಕೇ ಕಾಯುತ್ತಿದ್ದಳು, ಅವಳ ಡಾಕ್ಟರೇಟು ಇದರ ಮೇಲೆಯೇ ನಿಂತಿತ್ತು.

ಮೊಮ್ಮಗ ಲ್ಯಾಪ್‌ಟಾಪ್ ತಂದ. “ಎಕ್ಸ್‌ರೇ ದುರ್ಬೀನಿಂದು ಅರ್ಜಿ, ಐದ ನಿಮಿಷ,” ಎಂದ. ಅವನು ಹಾಗೆ ಬಾಯಿ ಬಿಡಬಾರದಿತ್ತು. ಹುಡುಗಿಯ ತಾಯಿ ಲ್ಯಾಪ್‌ಟಾಪ್ ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿಬಿಟ್ಟಳು.

“ಎಕ್ಸ್‌ರೇ? ಬಸರಿ ಹೆಂಗಸು ಅದರ ಸನೇಕ ಹೋಗಬಾರದಂತ ದವಾಖಾನ್ಯಾಗ ಬಾಗಲಿಗೇ ಬೋರ್ಡ್ ಹಾಕಿರ್ತಾರ. ಕೂಸಿನ ಗತಿ ಏನು?”

“ಯವ್ವಾ, ಇದರಾಗ ಎಕ್ಸ್‌ರೇ ಇಲ್ಲಬೇ, ಕೊಡ.”

“ಇಲ್ಲಂದ್ರ ಹೆಸರ್ಯಾಕ ಹೇಳಿದ?”

ಹೆಂಗಸರೆಲ್ಲ ಒಂದೇ ಸಲ ಮಾತಾಡತೊಡಗಿದರು. ಆರತಿ ಹಿಡಿದು ನಿಂತವಳ ದೀಪ ಶಾಂತವಾಯಿತು. ಹುಡುಗಿ ತಾಯಿಯ ಸೆರಗಿನತ್ತ ಕೈ ಚಾಚಿಯೇ ಕುಳಿತಿದ್ದಳು. ನನಗೂ ಅಂಜಿಕೆಯಾಯಿತು. ಮೊದಲ ಮರಿಮಗು ಅದು. ಕೇಳಿಯೇ ಬಿಡೋಣ ಅನ್ನಿಸಿತು.

“ಏ ಹುಡುಗಿ, ಆ ಎಕ್ಸ್‌ರೇ ಇಲ್ಲಿ ಮಟ ಬರತೈತೇನು?”

“ಬರಂಗಿಲ್ಲ ಆಯಿ. ನಮ್ಮ ಮ್ಯಾಲಿನ ಗಾಳಿನೇ ಅದನ್ನ ತಡದು ಬಿಡತೈತಿ.”

“ಮೈಯೊಳಗ ಹಾದು ಹೋಗುವಂಥದ್ದು ಗಾಳಿಗೆ ನಿಲ್ಲತೈತೇನು? ಸುಳ್ಳ ಹೇಳಬ್ಯಾಡ.”

“ಮೈ ಗೇಣು ದಪ್ಪ, ಗಾಳಿ ಹರದಾರಿಗಟ್ಟಲೆ ದಪ್ಪ ಐತಿ, ಆಯಿ. ಇಲ್ಲಿ ಮಟ ಬರಂಗಿದ್ರ ದುರ್ಬೀನು ಮ್ಯಾಲ ಯಾಕ ಕಳಸತಿದ್ರು? ನಮ್ಮ ಮಾಳಗಿ ಮ್ಯಾಲ ಇಡತಿದ್ರು.”

ಈ ಮಾತು ನನಗೆ ಸರಿಯೆನಿಸಿತು.

“ಬೀಗತಿ, ಕೊಡ್ರಿ ಅದನ್ನ,” ಎಂದೆ. “ಬರೀ ಅರ್ಜಿ ಬರೀತಾಳ.”

“ಏನಾರ ಆದ್ರ ನೀವ ಜವಾಬ್ದಾರ್ರು.”

“ಆಗ್ಲಿ. ನಾನ.”

ಉಡಿ ಬಿಚ್ಚಲು ಮಾತ್ರ ನಾನೂ ಒಪ್ಪಲಿಲ್ಲ. ಸ್ಟೂಲಿನ ಮೇಲೆ ಮಣೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಡಿಸಿದೆ. ಅವಳು ಒಂದು ಕೈಯಲ್ಲಿ ಉಡಿ ಹಿಡಿದು ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದಳು. ಹಸಿರು ಬಳೆ ಮಣೆಗೆ ಬಡಿಯುತ್ತಿದ್ದವು. ಐದು ನಿಮಿಷ ಅಂದದ್ದು ಎಷ್ಟೋ ಹೊತ್ತಾಯಿತು, ಹೋಳಿಗೆ ಆರಿ ಹೋದವು. ಕಳಿಸಿ ಆದ ಮೇಲೆ ದೀಪ ಹಚ್ಚಿ ಆರತಿ ಮಾಡಿದೆವು.

ಮರುದಿನ ಒಪ್ಪಿಗೆ ಬಂತು. ದುರ್ಬೀನು ತಿರುಗಿತು. ಅದರಲ್ಲಿ ಯಾರೂ ಕಣ್ಣಿಟ್ಟು ನೋಡುವುದಿಲ್ಲವಂತೆ, ಹಿಡಿದದ್ದನ್ನು ಅದೇ ಕೆಳಗೆ ಕಳಿಸುತ್ತದೆ. ಬಾಣಂತನಕ್ಕೆ ತವರಿಗೆ ಹೊರಡುವ ಮುಂಚೆ ಅದು ಕಳಿಸಿದ್ದನ್ನು ನನಗೆ ತೋರಿಸಿದಳು. ಹೊಳಪು ಎಷ್ಟಿತ್ತೆಂದು ಗುರುತು ಹಾಕಿದ ಒಂದಿಷ್ಟು ಚುಕ್ಕಿ, ಎಡದಿಂದ ಬಲಕ್ಕೆ ಇಳಿಯುತ್ತ ಹೋಗಿದ್ದವು.

“ಏರಿದ್ದು ಎಲ್ಲೈತಿ?”

“ಅದು ಸಿಗಲಿಲ್ಲ ಆಯಿ. ಇಳಿಯೋದು ಸಿಕ್ತು. ಡಾಕ್ಟರೇಟಿಗೆ ಇಷ್ಟು ಸಾಕು.”

“ನಿಮ್ಮವ್ವ ಲ್ಯಾಪ್‌ಟಾಪ್ ಅಷ್ಟು ಹೊತ್ತು ಹಿಡ್ಕೊಂಡಿರದಿದ್ರ ಏರಿದ್ದೂ ಸಿಗತಿತ್ತೇನು?”

“ಇಲ್ಲ ತಗೋರಿ. ಅವರು ತಿರುಗಿಸಾಕ ತಡ ಆಗೇ ಆಗತೈತಿ.”

ಅದು ಖರೆಯೋ, ತಾಯಿಯನ್ನು ಬಿಟ್ಟುಕೊಡಬಾರದೆಂದು ಹೇಳಿದ್ದೋ, ನಾನು ಮತ್ತೆ ಕೇಳಲಿಲ್ಲ.