ಧಾರಾವಾಹಿಯ ಡಾಕ್ಟರು

ಕೇಶವಮೂರ್ತಿಯವರು ಯಾವ ಸುದ್ದಿ ಹೇಳುವ ಮುಂಚೆಯೂ ಕನ್ನಡಕ ತೆಗೆಯುತ್ತಿದ್ದರು. ತೆಗೆದು, ಒಂದು ಕ್ಷಣ ನೆಲ ನೋಡಿ, ಆಮೇಲೆ ನಿಧಾನವಾಗಿ ತಲೆಯೆತ್ತುತ್ತಿದ್ದರು. ಅಮೆರಿಕದ ಸ್ಯಾನ್ ಹೊಸೆಯ ಇಂಡಿಯನ್ ಗ್ರೋಸರಿಯ ಕೌಂಟರಿನಲ್ಲಿ ಮೊದಲ ಸಲ ಅವರು ಹಾಗೆ ಮಾಡಿದಾಗ ನನ್ನ ಎದೆ ಧಸಕ್ಕೆಂದಿತ್ತು. "ಕರಿಬೇವು ಖಾಲಿಯಾಗಿದೆ ಮೇಡಂ," ಎಂದರು.

ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತ್ತು. ಎಲ್ಲೆಂದು ಗೊತ್ತಾಗಿದ್ದು ಮಂಡ್ಯದಿಂದ ಅಮ್ಮ ಬಂದ ಮೇಲೆ. ಅದೇ ಅಂಗಡಿಗೆ ಕರೆದುಕೊಂಡು ಹೋದರೆ, ಬದನೆಕಾಯಿ ತೂಗುತ್ತಿದ್ದ ಅವರನ್ನು ನೋಡಿ ಅಮ್ಮ ಕೈಮುಗಿದುಬಿಟ್ಟಳು. "ಡಾಕ್ಟ್ರೆ, ನೀವೇನಿಲ್ಲಿ ತರಕಾರಿ ತೂಗ್ತಾ ನಿಂತಿದ್ದೀರಿ?"

ಇಪ್ಪತ್ತು ವರ್ಷ ಅವರು ಕನ್ನಡ ಧಾರಾವಾಹಿಗಳಲ್ಲಿ ಡಾಕ್ಟರ ಪಾತ್ರ ಮಾಡಿದವರು. ನಾಟಕ ಕಲಿತು ಬಂದಾಗ ಅವರಿಗಿದ್ದದ್ದು ಖಳನಾಯಕನಾಗುವ ಆಸೆ. "ಮೊದಲನೇ ಸೀರಿಯಲ್ಲಲ್ಲಿ ಬಿಳಿ ಕೋಟು ಹಾಕಿದರು, ಚೆನ್ನಾಗಿ ಕೂತುಬಿಡ್ತು. ಆಮೇಲೆ ಅದನ್ನ ಯಾರೂ ಬಿಚ್ಚಿಸಲೇ ಇಲ್ಲ," ಎನ್ನುತ್ತಿದ್ದರು. ವಾರಕ್ಕೆ ಒಂದೋ ಎರಡೋ ದಿನ ಶೂಟಿಂಗು. ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಬರುವುದು, "ನಮ್ಮ ಕೈಲಾದದ್ದೆಲ್ಲ ಮಾಡಿದ್ದೀವಿ" ಎಂದು ಹೋಗುವುದು. ಅಷ್ಟೇ.

ಮನೆಯಲ್ಲಿ ನಿಜವಾದ ಆಸ್ಪತ್ರೆ ಕಂಡವರು ಅವರ ಹೆಂಡತಿ ಶಾರದಮ್ಮ. ಅವರು ನರ್ಸು. ಮನೆ ನಡೆದದ್ದು ಅವರ ದುಡಿಮೆಯಿಂದ. ಅವರಿಗೆ ಇಲ್ಲಿ ಕೆಲಸ ಸಿಕ್ಕಾಗ ಕೇಶವಮೂರ್ತಿಯವರು ಒಂದೇ ವಾರದಲ್ಲಿ ಎಲ್ಲ ಧಾರಾವಾಹಿಗಳನ್ನೂ ಬಿಟ್ಟರು. ಒಮ್ಮೆ ಅವರ ಮನೆಗೆ ಹೋದಾಗ, ಬೇಜಾರಾಗಲಿಲ್ಲವೇ ಎಂದು ಕೇಳಿದ್ದೆ. "ನಾನು ಬಣ್ಣ ಹಚ್ಕೊಳ್ಳಲಿ ಅಂತ ಇವಳು ಇಷ್ಟು ವರ್ಷ ಡ್ಯೂಟಿ ಮಾಡಿದಾಳೆ. ಈಗ ಇವಳ ಸರದಿ ಕಣಮ್ಮ," ಎಂದರು. ಶಾರದಮ್ಮ ಒಳಗಿನಿಂದಲೇ, "ಅಳಬೇಡಿ, ಕ್ಯಾಮೆರಾ ಇಲ್ಲ ಇಲ್ಲಿ," ಎಂದರು.

ಅಮ್ಮ ಬಂದು ಎರಡು ತಿಂಗಳಿಗೆ ಅವಳಿಗೆ ಎದೆನೋವು ಕಾಣಿಸಿಕೊಂಡಿತು. ಪಕ್ಕದೂರು ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹತ್ತಿರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆ, ಬೈಪಾಸ್ ಆಗಲೇಬೇಕು ಎಂದರು. ಅಮ್ಮ ಒಪ್ಪಲಿಲ್ಲ. "ಮೊಮ್ಮಗಳ ನೋಡಕ್ಕೆ ಬಂದೋಳು ನಾನು, ಎದೆ ಕುಯ್ಸ್ಕಳಕ್ಕಲ್ಲ." ನಾನು ಬ್ಲಾಕೇಜು, ರಿಸ್ಕು, ರಿಕವರಿ ಎಂದು ಹೇಳಿದಷ್ಟೂ ಗೋಡೆಯ ಕಡೆ ತಿರುಗಿ ಮಲಗಿದಳು. ಕೊನೆಗೆ, "ಆ ಡಾಕ್ಟ್ರ ಕರಸು," ಎಂದಳು.

ನಾನು ಅಂಗಡಿಗೆ ಓಡಿದೆ. "ಸರ್, ನೀವು ಹೇಳಿದ್ರೆ ಅಮ್ಮ ಕೇಳ್ತಾಳೆ. ಸೀರಿಯಲ್ಲಲ್ಲಿ ಹೇಳ್ತಿದ್ರಲ್ಲ ಹಾಗೇ, ಏನೂ ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ." ಅವರ ಮುಖ ಸಪ್ಪಗಾಯಿತು. "ಬರ್ತೀನಿ. ಆದರೆ ಆ ಮಾತು ಹೇಳಲ್ಲ," ಎಂದರು.

ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮೊದಲು ಹೇಳಿದ್ದೇ ಇದು: "ಅಮ್ಮಾ, ನಾನು ಡಾಕ್ಟರಲ್ಲ. ಯಾರೋ ಬರೆದುಕೊಟ್ಟಿದ್ದನ್ನ ಹೇಳ್ತಿದ್ದೆ ಅಷ್ಟೇ."

ಅಮ್ಮ ಅವರನ್ನೇ ನೋಡಿದಳು. "ನಂಗೊತ್ತಿಲ್ವೇನಪ್ಪ? ಅಷ್ಟು ದಡ್ಡಿನಾ ನಾನು? ನಿಮಗೆ ಬಿಡಿಸಿ ಹೇಳಕ್ಕೆ ಬತ್ತದೆ, ಅದ್ಕೆ ಕರಸ್ದೆ. ಇವಳು ಹೇಳೋದು ಅರ್ಧ ಇಂಗ್ಲೀಸು, ಅರ್ಧ ಅಳು."

ಕೇಶವಮೂರ್ತಿಯವರು ನಕ್ಕುಬಿಟ್ಟರು. ಆಮೇಲೆ ಅಲ್ಲಿದ್ದ ಸರ್ಜನ್ ಹತ್ತಿರ ಹೋಗಿ, ತಮಗೆ ಅರ್ಥವಾಗುವ ತನಕ ಕೇಳಿದರು, ಚಿತ್ರ ಬರೆಸಿಕೊಂಡರು. ಆ ಕಾಗದ ತೋರಿಸುತ್ತ, ಕಾಲಿನಿಂದ ರಕ್ತನಾಳ ತೆಗೆದು ಎದೆಯಲ್ಲಿ ಜೋಡಿಸುವುದನ್ನೆಲ್ಲ ಅಮ್ಮನಿಗೆ ಒಂದೊಂದೇ ವಾಕ್ಯವಾಗಿ ಹೇಳಿದರು. "ಆಪರೇಷನ್ ಆದಮೇಲೂ ತೊಂದರೆ ಆಗಬಹುದು. ಆಗಲ್ಲ ಅಂತ ಈ ಡಾಕ್ಟ್ರು ಹೇಳ್ತಿಲ್ಲ, ನಾನೂ ಹೇಳಲ್ಲ. ಮಾಡಿಸದೆ ಹೋದರೆ ಭಯ ಇನ್ನೂ ಹೆಚ್ಚು ಅಂತಾರೆ."

ಅಮ್ಮ ಯೋಚಿಸಿದಳು. "ಕಾಲಿನ ನರ ತಗದು ಎದೇಲಿಟ್ರೆ ನಾನು ನಡೆಯೋದೆಂಗೆ?"

ಅದು ನನಗೆ ಹೊಳೆದೇ ಇರದ ಪ್ರಶ್ನೆ. ಅವರು ಅದನ್ನು ಸರ್ಜನ್ನರಿಗೆ ಕೇಳಿ, ಉತ್ತರ ತಂದರು. "ಕಾಲಲ್ಲಿ ಬೇರೆ ನರಗಳೂ ಇದಾವಂತೆ. ಸ್ವಲ್ಪ ದಿನ ಊದುತ್ತೆ, ಆಮೇಲೆ ನಡೀತೀರಿ."

"ಹಂಗಾರೆ ಮಾಡ್ಲಿ ಬುಡಿ," ಎಂದಳು ಅಮ್ಮ. ಮೂರು ದಿನವಾದರೂ ನನಗೆ ಸಿಗದ ಒಪ್ಪಿಗೆ ಅಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕು ತಿಂಗಳಾದ ಮೇಲೆ ಅಮ್ಮ ನಡೆದೇ ವಿಮಾನ ಹತ್ತಿದಳು.

ಆ ಸರ್ಜನ್ನರೇ ಕೇಶವಮೂರ್ತಿಯವರಿಗೆ, ರೋಗಿಗಳ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ರೋಗಿಗಳಿಗೆ ದಾಟಿಸುವ ದುಭಾಷಿಯ ಕೆಲಸವೊಂದಿದೆ ಎಂದು ಹೇಳಿದ್ದು. ಐವತ್ತೈದು ದಾಟಿದ ಮನುಷ್ಯ ತರಬೇತಿಗೆ ಸೇರಿದರು. ಅಂಗಡಿಯ ಕೌಂಟರಿನಲ್ಲಿ ಬೇಳೆ ಚೀಲದ ಮೇಲೆ ಪುಸ್ತಕ ಇಟ್ಟುಕೊಂಡು ಅಂಗಾಂಗಗಳ ಹೆಸರು ಬಾಯಿಪಾಠ ಮಾಡುತ್ತಿದ್ದರು. ಒಮ್ಮೆ ಪರೀಕ್ಷೆಯಲ್ಲಿ ಫೇಲಾದರು, ಮತ್ತೆ ಕಟ್ಟಿ ಪಾಸಾದರು. ಆ ಕೆಲಸದಲ್ಲಿ 'ಅವರಿಗೆ ನೋವಂತೆ' ಎನ್ನುವ ಹಾಗಿಲ್ಲ, ರೋಗಿಯೇ ಮಾತಾಡಿದ ಹಾಗೆ 'ನನಗೆ ನೋವಾಗ್ತಿದೆ' ಎಂದೇ ಹೇಳಬೇಕು. ಅದು ಅವರಿಗೆ ಬಹಳ ಹಿಡಿಸಿತ್ತು. "ಇಷ್ಟು ದಿನ ಬಾಗಿಲು ತೆಗೆದು ಬಂದು ಹೇಳಿ ಹೋಗ್ತಿದ್ದೆ. ಕೇಳಿಸ್ಕೊಂಡೋರ ಕಡೆ ಏನಾಗುತ್ತೆ ಅಂತ ಈಗ ಗೊತ್ತಾಗ್ತಿದೆ," ಎಂದಿದ್ದರು.

ಕಳೆದ ವರ್ಷ ಶಾರದಮ್ಮನವರಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸವಾಗಿ ಇಬ್ಬರೂ ಟೆಕ್ಸಸ್‌ಗೆ ಹೊರಟರು. ಹಿಂದಿನ ದಿನ ಊಟಕ್ಕೆ ಕರೆದಿದ್ದೆ. ಎಲೆಗೆ ಅನ್ನ ಬಡಿಸುವಷ್ಟರಲ್ಲಿ ಕೇಶವಮೂರ್ತಿಯವರಿಗೆ ಯಾವುದೋ ಆಸ್ಪತ್ರೆಯಿಂದ, ಫೋನಿನಲ್ಲೇ ಮಾತು ದಾಟಿಸಿಕೊಡಿ ಎಂದು ಕರೆ ಬಂತು. ಎದ್ದು ನನ್ನ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನ ಮಾತು ಕೇಳಿಸಲಿಲ್ಲ, ಅವರ ದನಿಯ ಏರಿಳಿತ ಮಾತ್ರ.

ಮುಕ್ಕಾಲು ಗಂಟೆ ಕಳೆದು ಬಂದರು. ಏನು ವಿಷಯವೆಂದು ನನ್ನ ಗಂಡ ಕೇಳಿದರು. "ರೋಗಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ," ಎಂದು ಕೂತು, ಆರಿದ ಅನ್ನಕ್ಕೇ ಸಾರು ಹಾಕಿಸಿಕೊಂಡರು. ಆಮೇಲೆ ಎರಡು ಸಲ ಪಾಯಸ ಕೇಳಿ ಬಡಿಸಿಕೊಂಡರು. ಶಾರದಮ್ಮ ಬೇಡವೆಂದರೂ ಬಿಡಲಿಲ್ಲ. ಎಲ್ಲೋ ಒಂದು ಆಸ್ಪತ್ರೆಯಲ್ಲಿ ಯಾರಿಗೋ ಒಳ್ಳೆಯ ಸುದ್ದಿಯೇ ಸಿಕ್ಕಿರಬೇಕು ಎಂದುಕೊಂಡು ನಾನು ಇನ್ನೊಂದು ಸೌಟು ಹಾಕಿದೆ.